ಏಳನೇ ಗಂಟು

ಸ್ಟುಡಿಯೋದ ಹಿಂದಿನ ಕೋಣೆ,
ಹನ್ನೆರಡನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೊಂಡು ಅಡ್ಡಡ್ಡ ಇಳೀತೀಯಂತೆ, ನಿನ್ನ ಮಗಳು ಹೇಳಿದಳು. ಬಿಸಿನೀರಿನ ಶಾಖ ಕೊಟ್ಕೋ, ನೆಲದ ಮೇಲೆ ಕೂರಬೇಡ. ನಾನು ಪರವಾಗಿಲ್ಲ. ಐವತ್ತಾಯ್ತು, ಕನ್ನಡಕ ಎರಡಾಗಿದೆ, ಒಂದನ್ನ ಹುಡುಕೋಕೆ ಇನ್ನೊಂದು ಹಾಕ್ಕೋಬೇಕು. ನಿನ್ನ ನಾದಿನಿ ಚೆನ್ನಾಗಿದ್ದಾಳೆ. ನಾನು ಬಾಯಿ ಮುಚ್ಚಿದ್ರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡ್ತಾಳೆ. ನೀನಿಟ್ಟ ಹೆಸರು ಇನ್ನೂ ಹೋಗಿಲ್ಲ ಅಕ್ಕಾ, ಬೀದಿಯವರೆಲ್ಲ ಇವತ್ತಿಗೂ ರೇಡಿಯೋ ಅಂತಲೇ ಕರೀತಾರೆ.

ಕಾಗದ ಬಂದ್ರೆ ಓದ್ತೀನಿ, ಅವನ ದನಿ ಮಾತ್ರ ಕೇಳಿಸಬೇಡ ಅಂದೆಯಂತೆ. ಸರಿ. ಆದ್ರೆ ನಾನು ಬರೆಯೋಕೆ ಕೂತ್ರೆ ಮೂರನೇ ಸಾಲಿಗೇ ಸುಳ್ಳು ಶುರುವಾಗುತ್ತೆ. ಮಾತಾಡಿದ್ರೆ ಎಲ್ಲೋ ಬಾಯಿತಪ್ಪಿ ನಿಜ ಬರುತ್ತೆ. ಅದಕ್ಕೇ ನಾನು ಫೋನಿನಲ್ಲಿ ಹೇಳ್ತಾ ಹೋಗ್ತೀನಿ, ನಿನ್ನ ಮಗಳು ಕೇಳಿ ಬರೆದು ನಿನ್ನ ಕೈಗೆ ಕೊಡ್ತಾಳೆ ಅಂತ ನಾವಿಬ್ರೂ ಮಾತಾಡ್ಕೊಂಡಿದ್ದೀವಿ. ಮಗೂ, ನಾನು ಕೆಮ್ಮಿದ್ದು, ಮೂಗು ಒರೆಸಿಕೊಂಡಿದ್ದು ಬರೀಬೇಡ. ಉಳಿದಿದ್ದೆಲ್ಲ ಬರಿ. ನಡುವೆ ನಿಲ್ಲಿಸಬೇಕು ಅನ್ನಿಸಿದ್ರೂ ನಿಲ್ಲಿಸಬೇಡ. ಅಕ್ಕಾ, ನಿನಗೆ ಗೊತ್ತಿರೋದನ್ನೇ ಮತ್ತೆ ಹೇಳ್ತಾನೆ ಅಂತ ಬೈಬೇಡ. ಬರೀತಿರೋಳಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೂರು ವರ್ಷ. ಅವಳಪ್ಪನ ವಿಷಯ ಅವಳಿಗೆ ಯಾರೂ ಪೂರ್ತಿ ಹೇಳಿಲ್ಲ.

ಅಪ್ಪ ಹೋಗಿ ಇವತ್ತಿಗೆ ಇಪ್ಪತ್ಮೂರು ದಿನ. ನೀನು ಬರಲಿಲ್ಲ, ಬರಬೇಕು ಅಂತ ಕೇಳೋ ಮುಖ ನನಗೂ ಇರಲಿಲ್ಲ. ಕೊನೇ ವಾರ ಊಟ ಬಿಟ್ರು, ಮಾತು ಬಿಟ್ರು, ಕಿಟಕಿ ಕಡೆ ತಿರುಗಿ ಮಲಗಿದ್ರು. ಅವರು ಹೋದ ಮೇಲೆ ಕಾರ್ಮಿಕರ ಸಂಘದ ಕಾರ್ಯದರ್ಶಿ ಬಂದಿದ್ರು, ಆಗ ಸಂಘದ ಗುಮಾಸ್ತರಾಗಿದ್ರಲ್ಲ, ಸೈಕಲ್ ತುಳ್ಕೊಂಡು ಬಂದು ನಮ್ಮನ್ನ ಫೋಟೋಕ್ಕೆ ಕರೆದವರು, ಅವರೇ. ಕೈಯಲ್ಲಿ ನಾಲ್ಕು ಹಳೇ ಫೋಟೋ. ದೊಡ್ಡದು ಮಾಡಿಕೊಡು ಅಂದ್ರು. ಬಣ್ಣದ ಕಾರ್ಖಾನೆ ಗೇಟಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸ್ತಾರಂತೆ, ಬೆಂಕೀಲಿ ಸತ್ತವರ ಹೆಸರು ಕೆತ್ತಿಸಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೆತ್ತನೆ ಶುರು. ಸತ್ತವರು ಐದು ಜನ ಅಲ್ವಾ ಅಂತ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ಬಾಗಿಲಿಗೆ ಬೀಗ ಹಾಕಿದವನು ಅಂತ ವಿಚಾರಣೇಲಿ ಬರೆದಿರೋನ ಹೆಸರನ್ನ ಒಳಗೆ ಸತ್ತವರ ಜೊತೆ ಕೆತ್ತೋಕಾಗುತ್ತೇನಪ್ಪಾ, ಅವರ ಮಕ್ಕಳು ಒಪ್ತಾರಾ" ಅಂದ್ರು. ನಾನು ನಾಲ್ಕು ಫೋಟೋ ಇಸ್ಕೊಂಡೆ. ಅಷ್ಟು ಮಾತಾಡೋ ನಾನು ಹೂಂ ಅಂದು ಇಸ್ಕೊಂಡೆ ಅಕ್ಕಾ.

ಕಾರ್ಯದರ್ಶಿ ಎದ್ದು ಹೋದ ಮೇಲೆ ಅಪ್ಪನ ಪೆಟ್ಟಿಗೆ ತೆಗೆದೆ. ಮಡಚೋ ಕ್ಯಾಮೆರಾ, ಅದರ ಜೊತೆ ಸುತ್ತಿಟ್ಟ ನಿನ್ನ ದಾರ. ಮಗೂ, ನಿನಗೆ ಹೇಳ್ತೀನಿ, ಕೇಳು. ಈಗಿನ ಫೋನು ತಾನೇ ನೋಡ್ಕೊಂಡು ತಾನೇ ಸರಿ ಮಾಡ್ಕೊಳ್ಳುತ್ತೆ. ಆ ಕ್ಯಾಮೆರಾಗೆ ದೂರ ತಿಳಿಯೋ ಕಣ್ಣೇ ಇಲ್ಲ. ಮೇಲೊಂದು ಸಣ್ಣ ಕಿಂಡಿ ಇದೆ, ಅದರಲ್ಲಿ ನೋಡಿದ್ರೆ ಹತ್ತಿರದ್ದು ದೂರದ್ದು ಎಲ್ಲ ಒಂದೇ ಥರ ನಿಚ್ಚಳ. ಒಳಗಿನ ಫಿಲಂ ಮೇಲೆ ಏನು ಬೀಳ್ತಿದೆ ಅಂತ ಅದು ಹೇಳೋದೇ ಇಲ್ಲ. ಲೆನ್ಸಿನ ಸುತ್ತ ಒಂದು ಬಳೆ ಇದೆ, ಅದರ ಮೇಲೆ ಅಡಿ ಲೆಕ್ಕ. ಎದುರಿಗಿರೋದು ಎಷ್ಟು ಅಡಿ ಅಂತ ನೀನೇ ಕಂಡುಹಿಡಿದು, ಬಳೆ ತಿರುಗಿಸಿ ಇಡಬೇಕು. ಗುಂಪು, ಮೆರವಣಿಗೆ ಇದ್ರೆ ಅಪ್ಪ ಲೆನ್ಸಿನ ಬಾಯಿ ಸಣ್ಣದು ಮಾಡಿ ಹದಿನೈದಡಿಗೆ ಇಟ್ಟುಬಿಡೋರು, ಹತ್ತಡಿಯಿಂದ ಆಚೆಗಿರೋದೆಲ್ಲ ಸುಮಾರಾಗಿ ಬರೋದು. ಬೆಳಕು ಕಮ್ಮಿ ಇದ್ರೆ ಬಾಯಿ ಪೂರ್ತಿ ತೆಗೀಬೇಕು, ಆಗ ಅರ್ಧ ಅಡಿ ತಪ್ಪಿದ್ರೂ ಮುಖ ಹೋಗುತ್ತೆ. ಹೆಜ್ಜೆ ಹಾಕಿ ಅಳೀತಾರೆ ಕೆಲವರು. ಅಪ್ಪ ಹೆಜ್ಜೆ ನಂಬ್ತಿರಲಿಲ್ಲ, ಹಸಿವಾದಾಗ ಹೆಜ್ಜೆ ಚಿಕ್ಕದಾಗುತ್ತೆ ಅನ್ನೋರು. ಅದಕ್ಕೇ ದಾರ. ಬಿಳೀ ಹುರಿ, ಅಡಿಗೊಂದು ಗಂಟು, ಒಟ್ಟು ಹನ್ನೆರಡು. ಒಂದು ತುದಿ ಕ್ಯಾಮೆರಾಗೆ ಕಟ್ಟಿರೋದು. ಇನ್ನೊಂದನ್ನ ನಿಮ್ಮಮ್ಮ ಎಳ್ಕೊಂಡು ಹೋಗಿ ಎದುರಿಗಿದ್ದವರ ಮೂಗಿಗೆ ತಾಗಿಸಿ, ಎಷ್ಟನೇ ಗಂಟು ಅಂತ ಕೂಗಿ ಹೇಳೋಳು. ಒಂಬತ್ತು ವರ್ಷದವಳಿದ್ದಾಗಿನಿಂದ ಅದೇ ಅವಳ ಕೆಲಸ. ಮದುವೆಯಾದ ಮೇಲೂ ಅಪ್ಪ ಹೊರಗಿನ ಫೋಟೋ ಇದ್ರೆ ಅವಳನ್ನೇ ಕರೆಸೋರು. ಮೂಗಿಗೆ ದಾರ ತಾಗಿ ಸೀನಿದವರನ್ನ ಅವಳು ಎಣಿಸಿ ಇಟ್ಟಿದ್ದಳು, ನಲವತ್ತೊಂದು ಜನ. ಅಳತೆ ಒಂದು ಸಲಾನೂ ತಪ್ಪಿರಲಿಲ್ಲ.

ಅಕ್ಕಾ, ಆ ದಾರದ ಹನ್ನೆರಡನೇ ಗಂಟಿನ ಆಚೆ ಒಂದು ಗೇಣು ಉಳಿದಿತ್ತಲ್ಲ, ಅದನ್ನ ನೀನು ಕತ್ತರಿಸಿದ್ದೆ. ಭಾವನ ಬೀಗಕ್ಕೆ ಕಟ್ಟೋಕೆ. ಕಾರ್ಖಾನೇಲಿ ಬಣ್ಣ ಹಾಕಿದ ಬಟ್ಟೆ ಒಣಗಿಸೋ ಶೆಡ್ಡಿಗೆ ಭಾವ ಮೇಸ್ತ್ರಿ. ಹಿಂಬಾಗಿಲಿಗೆ ಒಳಗಡೆಯಿಂದ ಹಾಕೋ ಬೀಗದ ಜವಾಬ್ದಾರಿ ಅವರದ್ದು. ಉಗ್ರಾಣದ ಬೀಗಗಳೆಲ್ಲ ಒಂದೇ ಥರ, ಯಾರದ್ದು ಯಾರಿಗೋ ಹೋಗುತ್ತೆ ಅಂತ ನೀನು ಬೀಗದ ಕೊಂಡಿಗೆ ಆ ತುಂಡು ಕಟ್ಟಿಕೊಟ್ಟೆ, ಎರಡು ಸುತ್ತು ಹಾಕಿ ಬಿಗಿಯೋ ನಿನ್ನ ಗಂಟು. ದಿನಾ ಪಾಳಿ ಶುರುವಾಗುವಾಗ ಬೀಗ ತೆಗೀಬೇಕು, ಮುಗಿದ ಮೇಲೆ ಹಾಕಬೇಕು. ಭಾವ ಹಾಗೇ ಮಾಡ್ತಿದ್ರು. ಆದ್ರೆ ಬಟ್ಟೆ ಕಳುವಾಗ್ತಿದೆ ಅಂತ ಮಾಲೀಕ ಹೊರಗಡೆಯಿಂದ ಒಂದು ಸರಪಳಿ ಹಾಕಿಸೋಕೆ ಶುರು ಮಾಡಿದ್ದ, ಅದನ್ನ ಭಾವ ನಿನ್ನ ಹತ್ರ ಹೇಳಿದ್ರಂತೆ, ಬೇಡ ಅಂದ್ರೆ ಕೇಳಲ್ಲ ಕಣೇ ಅಂತ. ಆ ಗುರುವಾರ ಶೆಡ್ಡಿನ ಮುಂದಿನ ತುದಿಗೆ ಬೆಂಕಿ ಬಿತ್ತು. ಭಾವನೂ ಸೇರಿ ಒಳಗಿದ್ದ ಐದೂ ಜನ ಹಿಂದಕ್ಕೆ ಓಡಿದ್ರು. ಹಿಂದೆ ಬೆಂಕಿ ಬರಲೇ ಇಲ್ಲ, ಬರೀ ಹೊಗೆ. ಬಾಗಿಲ ಹತ್ರವೇ ಸಿಕ್ಕರು.

ಮರುದಿನ ಸಂಜೆ ಗುಮಾಸ್ತರು ಬಂದು, ಸರಪಳಿ ಇನ್ನೂ ಇದೆ, ನಾಳೆ ಇರಲ್ಲ, ಈಗಲೇ ಫೋಟೋ ಬೇಕು ಅಂದ್ರು. ಅಪ್ಪ ಪೆಟ್ಟಿಗೆಯಿಂದ ಕ್ಯಾಮೆರಾ ತೆಗೆದು ನನ್ನ ಮುಂದೆ ಇಟ್ರು. ಕ್ಯಾಮೆರಾ ನಾನು ಹಿಡಿದೆ. ದಾರ ಹಿಡಿಯೋಕೆ ನೀನೇ ಬಂದೆ, ಯಾರು ಬೇಡ ಅಂದ್ರೂ ಕೇಳಲಿಲ್ಲ. ಕಣ್ಣಲ್ಲಿ ನೀರಿರಲಿಲ್ಲ ನಿನಗೆ. ಬಾಗಿಲ ಮೇಲರ್ಧ ಕಬ್ಬಿಣದ ಸರಳು, ಕೆಳಗರ್ಧ ತಗಡು. ಸರಪಳಿಗೆ ದಾರ ತಾಗಿಸಿ, ಏಳು ಅಂದೆ. ಇನ್ನೊಂದು ಸಲ ಎಣಿಸಿ, ಏಳನೇ ಗಂಟು ಕಣೋ, ಸರಿಯಾಗಿ ಏಳು ಅಂದೆ. ಬಳೆ ಏಳಕ್ಕೆ ಇಟ್ಟೆ. ಮೋಡ ಬೇರೆ, ಲೆನ್ಸಿನ ಬಾಯಿ ಪೂರ್ತಿ ತೆಗೆದೆ. ಒಂದೇ ಒಂದು ತೆಗೆಯೋಷ್ಟರಲ್ಲಿ ಕಾವಲುಗಾರ ಬಂದು ಹೆಗಲಿಗೆ ಕೈ ಹಾಕಿ ತಳ್ಳಿದ.

ಫೋಟೋ ಕಲಸಿಹೋಗಿತ್ತು. ವಿಚಾರಣೆಗೆ ಬಂದ ಅಧಿಕಾರಿ ಅದನ್ನ ಆ ಕಡೆ ಈ ಕಡೆ ತಿರುಗಿಸಿ, ಇದು ಸರಪಳಿಯೋ ನೆರಳೋ ಅಂತ ಕೇಳಿ ಮೇಜಿನ ಮೇಲೆ ಹಾಕಿದ. ಸರಪಳಿ ಇರಲೇ ಇಲ್ಲ, ಮೇಸ್ತ್ರಿ ತನ್ನ ಬೀಗ ತೆಗೆಯೋಕೆ ಮರೆತ ಅಂತ ಮಾಲೀಕರ ಕಡೆಯವರು ಹೇಳಿದ್ರು. ಸರಪಳಿ ಕಣ್ಣಾರೆ ಕಂಡಿದ್ದೀವಿ ಅಂದ ಗುಮಾಸ್ತರ ಮಾತು, ನಮ್ಮ ಮಾತು ಯಾವುದನ್ನೂ ಅಧಿಕಾರಿ ಬರೆದುಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಶೆಡ್ಡೇ ಕಿತ್ತುಹಾಕಿದ್ರು, ಬಾಗಿಲೂ ಇಲ್ಲ, ಬೀಗವೂ ಇಲ್ಲ. ಫೋಟೋ ಯಾಕೆ ಹೀಗಾಯ್ತು ಅಂತ ಅಧಿಕಾರಿ ಕೇಳಿದಾಗ ಅಪ್ಪ ಎದ್ದು ನಿಂತು, ನನ್ನ ಮಗಳು ಅಳತೆಯ ದಾರ ಕತ್ತರಿಸಿದ್ದಳು ಸ್ವಾಮಿ, ಗಂಡನ ಬೀಗಕ್ಕೆ ಕಟ್ಟೋಕೆ, ಅದಕ್ಕೇ ಅಳತೆ ಕೆಟ್ಟಿತು ಅಂದ್ರು. ನೀನು ಅವರ ಮುಖ ನೋಡ್ದೆ. ಆಮೇಲೆ ನನ್ನ ಮುಖ ನೋಡ್ದೆ. ಹನ್ನೆರಡರ ಆಚೆಗಿನ ತುಂಡಿಗೂ ಏಳನೇ ಗಂಟಿಗೂ ಏನು ಸಂಬಂಧ? ಆ ಕೋಣೇಲಿ ಅದು ಗೊತ್ತಿದ್ದವರು ನಾವು ಮೂರೇ ಜನ. ಹೊರಗೆ ಬಂದಾಗ ಸತ್ತ ಉಳಿದ ನಾಲ್ವರ ಮನೆ ಹೆಂಗಸರು ನಿನಗೆ ಶಾಪ ಹಾಕಿದ್ರು, ಗಂಡ ಬೀಗ ಹಾಕಿದ, ಹೆಂಡತಿ ದಾರ ಕತ್ತರಿಸಿದಳು ಅಂತ. ಆ ವಾರವೇ ನೀನು ಮಗೂನ ಎತ್ಕೊಂಡು ಹೊರಟುಹೋದೆ.

ಈಗ ಹೇಳ್ತೀನಿ. ಮಗೂ, ಇದನ್ನ ಬರೀಬೇಡ. ಇಲ್ಲ, ಬರಿ, ಇದನ್ನೇ ಬರಿ. ಬೆಂಕಿಗೆ ಮುಂಚಿನ ಭಾನುವಾರ ನಾನು ಅಪ್ಪನಿಗೆ ಹೇಳದೆ ಕ್ಯಾಮೆರಾ ತಗೊಂಡು ಗೆಳೆಯರ ಜೊತೆ ಕೆರೆಗೆ ಹೋಗಿದ್ದೆ. ಲೆನ್ಸಿನ ಬಳೆಗೆ ಮರಳು ಸೇರಿ ಕರಕರ ಅಂತಿತ್ತು. ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ ಬಳೆಯ ಮೂರು ಸಣ್ಣ ತಿರುಪು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಬಿಚ್ಚೋ ಮುಂಚೆ ಗುರುತು ಹಾಕ್ಕೋಬೇಕಿತ್ತು. ಹಾಕಿರಲಿಲ್ಲ. ಅಂದಾಜಿನ ಮೇಲೆ ಕೂರಿಸಿದೆ. ಬಳೆ ಸಲೀಸಾಗಿ ತಿರುಗ್ತು, ಅಷ್ಟೇ ಸಾಕು ಅಂದ್ಕೊಂಡೆ. ಸ್ಟುಡಿಯೋ ಒಳಗೆ ದೊಡ್ಡ ಕ್ಯಾಮೆರಾ, ಹಿಂದೆ ಗಾಜಿನ ಮೇಲೆ ಚಿತ್ರ ನೋಡಿ ತೆಗೆಯೋದು. ಹಾಗಾಗಿ ಆ ವಾರ ಇದನ್ನ ಯಾರೂ ಮುಟ್ಟಲಿಲ್ಲ. ಫೋಟೋ ತೊಳೆದು ದೀಪದ ಕೆಳಗೆ ಹಿಡಿದ ಕ್ಷಣಾನೇ ಬಳೆ ತಪ್ಪಾಗಿ ಕೂರಿಸಿದ್ದೀನಿ ಅನ್ನಿಸ್ತು ಅಕ್ಕಾ. ಪರೀಕ್ಷೆ ಮಾಡಿ ನೋಡಬಹುದಿತ್ತು. ಮಾಡಲಿಲ್ಲ. ನೋಡದೇ ಇದ್ರೆ ಗೊತ್ತಿಲ್ಲ ಅಂತ ಹೇಳಬಹುದಲ್ಲ. ಇಪ್ಪತ್ತೆಂಟು ವರ್ಷ ಊರೆಲ್ಲದರ ಬಗ್ಗೆ ಮಾತಾಡಿದೆ, ಇದೊಂದು ಬಿಟ್ಟು.

ಅಪ್ಪ ಪರೀಕ್ಷೆ ಮಾಡಿದ್ರು. ಮೊನ್ನೆ ಕ್ಯಾಮೆರಾ ಹಿಂಬದಿ ತೆಗೆದ್ರೆ, ಫಿಲಂ ಕೂರೋ ಜಾಗಕ್ಕೆ ಒಂದು ತುಂಡು ಟ್ರೇಸಿಂಗ್ ಪೇಪರ್ ಅಂಟಿಸಿದೆ, ಹಳದಿಯಾಗಿ ಗರಿಗರಿಯಾಗಿದೆ. ಗುಂಡಿ ಒತ್ತಿ ಲೆನ್ಸನ್ನ ತೆರೆದೇ ಹಿಡಿದ್ರೆ ಆ ಕಾಗದದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಎಷ್ಟು ದೂರಕ್ಕೆ ಸರಿಯಾಗಿದೆ ಅಂತ ಕಣ್ಣಾರೆ ಕಾಣುತ್ತೆ. ಮೂಲೇಲಿ ಅಪ್ಪನ ಪೆನ್ಸಿಲ್ ಅಕ್ಷರ. ಏಳಕ್ಕೆ ಇಟ್ಟರೆ ಹತ್ತು. ಕೆಳಗೆ ತಾರೀಕು. ವಿಚಾರಣೆಗೆ ಎರಡು ದಿನ ಮುಂಚಿನ ತಾರೀಕು ಅಕ್ಕಾ. ಗೊತ್ತಿದ್ದೇ ಎದ್ದು ನಿಂತು ದಾರದ ಮಾತು ಹೇಳಿದ್ರು. ನನಗೆ ಆಗ ಇಪ್ಪತ್ತೆರಡು, ಸ್ಟುಡಿಯೋ ನನ್ನ ಹೆಸರಿಗೆ ಬರೆದು ಇನ್ನೂ ತಿಂಗಳಾಗಿರಲಿಲ್ಲ. ಮಗನ ಕೈ ಕೆಟ್ಟದ್ದು ಅಂತ ಗೊತ್ತಾದ್ರೆ ಇಲ್ಲಿಗೆ ಯಾರು ಬರ್ತಾರೆ. ಮಗಳು ಹೇಗೂ ಕೊಟ್ಟ ಮನೆಯವಳು. ಇಷ್ಟೇ ಲೆಕ್ಕ ಹಾಕಿರಬೇಕು. ಆ ಕಾಗದವನ್ನ ಕಿತ್ತು ಬಿಸಾಡಬಹುದಿತ್ತು, ಬಿಸಾಡಲಿಲ್ಲ. ಯಾಕೆ ಇಟ್ಟರು ಅಂತ ಕೇಳೋಕೆ ಇಪ್ಪತ್ಮೂರು ದಿನ ತಡವಾಗಿದೆ.

ಕಾರ್ಯದರ್ಶಿ ಹತ್ರ ಇದನ್ನೆಲ್ಲ ನಾಳೆ ಬೆಳಿಗ್ಗೆ ಹೋಗಿ ಹೇಳ್ತೀನಿ. ಹೇಳಿದ್ರೂ ಭಾವನ ಹೆಸರು ಕಲ್ಲಿಗೆ ಬರಲ್ಲ, ಅದೂ ನನಗೆ ಗೊತ್ತು. ನಿನ್ನ ಅಳತೆ ಸರಿ ಇತ್ತು ಅಂತಾಗುತ್ತೆ, ಅಷ್ಟೇ. ಸರಪಳಿ ಇತ್ತು ಅಂತ ಆಗಲ್ಲ. ಕ್ಷಮಿಸು ಅಂತ ಕೇಳಲ್ಲ ಅಕ್ಕಾ, ನಿನ್ನ ಬಾಯಿಗೆ ಆ ಕೆಲಸ ಕೊಡಲ್ಲ. ಮಂಡಿ ನೋಡ್ಕೋ. ಮಗಳ ಮೇಲೆ ರೇಗಬೇಡ, ಇದನ್ನ ಬರೆಯೋಕೆ ಅವಳಿಗೆ ನಿನಗಿಂತ ಕಷ್ಟ ಆಗಿರುತ್ತೆ. ಮಗೂ, ನಿನಗೆ ಒಳ್ಳೇದಾಗಲಿ, ನೀರು ಕುಡಿ.

ನಿನ್ನ ತಮ್ಮ,
ರೇಡಿಯೋ

ಮರೆತಿದ್ದಲ್ಲ, ಈಗ ಕಂಡಿದ್ದು. ಗುರುವಾರ ಮಧ್ಯಾಹ್ನ. ಮಗೂ, ಇದನ್ನ ಕೆಳಗೆ ಸೇರಿಸು, ಬೇಗ. ಅಕ್ಕಾ, ನನ್ನ ತಪ್ಪು ಎಷ್ಟು ಅಡಿ ಅಂತ ಸರಿಯಾಗಿ ಹೇಳೋಣ ಅಂತ ಬೆಳಿಗ್ಗೆ ಆ ಫೋಟೋದ ನೆಗೆಟಿವ್ ತೆಗೆದು ಭೂತಗನ್ನಡಿಯಡಿ ಇಟ್ಟೆ. ಎಲ್ಲರೂ ಬಾಗಿಲನ್ನೇ ನೋಡಿದ್ದು, ಬಾಗಿಲು ಕಲಸಿದೆ ಅಂತ ಬಿಸಾಡಿದ್ದು. ಏಳಕ್ಕೆ ಇಟ್ಟರೆ ಹತ್ತು ಅಂದಮೇಲೆ ಹತ್ತಡಿಯಲ್ಲಿರೋದು ಏನೋ ಒಂದು ಸರಿಯಾಗಿ ಬಂದಿರಲೇಬೇಕಲ್ಲ. ಇದೆ. ಬಾಗಿಲ ಸರಳಿನ ಸಂದಿಯಿಂದ, ಮೂರಡಿ ಒಳಗೆ, ಕಂಬ. ಹೊಗೆ ಹೋಗಲಿ ಅಂತ ಸೂರಿನ ತಗಡು ಕಿತ್ತಿದ್ರಲ್ಲ, ಅಲ್ಲಿಂದ ಬೆಳಕು ಬಿದ್ದಿದೆ. ಕಂಬದ ಮೊಳೇಲಿ ಬೀಗ ನೇತಾಡ್ತಿದೆ, ಕೊಂಡಿ ತೆರೆದಿದೆ. ಕೊಂಡಿಗೆ ಒಂದು ದಾರದ ತುಂಡು, ಮಸಿ ಹಿಡಿದಿದೆ, ಆದ್ರೂ ಎರಡು ಸುತ್ತಿನ ಗಂಟು ಎಣಿಸಬಹುದು. ಭಾವ ಬೀಗ ತೆಗೆದು ಮೊಳೆಗೆ ಹಾಕಿದ್ರು. ಬಾಗಿಲು ತೆರೀದೇ ಇದ್ದಿದ್ದು ಅವರ ಬೀಗದಿಂದ ಅಲ್ಲ. ಕಾರ್ಯದರ್ಶಿಗೆ ತೋರಿಸಿದೆ. ಎರಡು ಸಲ ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ರು. "ಉಗ್ರಾಣದ ಬೀಗ ನೂರಿದ್ವು. ಗಂಟು ಕಟ್ಟಿದವಳು ಬಂದು ಆ ನಾಲ್ಕು ಮನೆಯವರ ಎದುರಿಗೆ ಇದು ನನ್ನ ಗಂಟು ಅನ್ನಲಿ, ಉಳಿ ನಿಲ್ಲಿಸಿ ಐದನೇ ಹೆಸರೂ ಸೇರಿಸ್ತೀನಿ" ಅಂದ್ರು. ಶನಿವಾರ ಹತ್ತು ಗಂಟೆ ಅಕ್ಕಾ. ನಿನ್ನ ದಾರ ಮೇಜಿನ ಮೇಲೆ ಬಿಚ್ಚಿಟ್ಟಿದ್ದೀನಿ, ಕತ್ತರಿಸಿದ ತುದಿ ಹಾಗೇ ಇದೆ. ನನ್ನ ಜೊತೆ ಮಾತಾಡಬೇಡ, ನನ್ನ ಮುಖ ನೋಡಬೇಡ, ನಾನು ಹಿಂದಿನ ಕೋಣೇಲಿ ಇರ್ತೀನಿ. ಗಂಟು ನೋಡಿ ಹೇಳಿ ಹೋಗು.