ತಪ್ಪಿನ ಗೋಡೆ

ದಿನಾಂಕ: ೧೪ ಮಾರ್ಚ್, ಗುರುವಾರ ಮಧ್ಯಾಹ್ನ

ನನ್ನ ಸೂಜಿಗಣ್ಣಿನ ಅಮ್ಮನಿಗೆ,

ನಾನು ಕ್ಷೇಮ. ನೀನೂ ಗಟ್ಟಿಮುಟ್ಟಾಗಿಯೇ ಇದ್ದೀಯ ಅಂತ ಭಾನುವಾರ ಫೋನಿನಲ್ಲಿ ಬೈದ ಜೋರಿನಿಂದಲೇ ಗೊತ್ತಾಯಿತು. ಈ ವಿಷಯವನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅರ್ಧಕ್ಕೇ ನೀನು ಅಯ್ಯೋ ದೇವರೇ ಅಂತ ಶುರು ಮಾಡುತ್ತೀಯ, ಅಲ್ಲಿಗೆ ಮುಗಿಯಿತು. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ಗಾಬರಿಯಾಗದೆ ಪೂರ್ತಿ ಓದು, ಕೊನೆ ಚೆನ್ನಾಗಿದೆ.

ಮೊದಲು ನನ್ನ ಬಡಾಯಿಯನ್ನು ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನವರು ಇಷ್ಟು ದೊಡ್ಡ ಕಲಾವಿದೆಯ ಸ್ಟುಡಿಯೋಗೆ ತರಬೇತಿಗೆ ಕಳಿಸಿದ್ದಾರೆ, ನನ್ನ ಕೈಯಿಲ್ಲದೆ ಇಲ್ಲಿ ಒಂದು ಕೆಲಸವೂ ನಡೆಯುವುದಿಲ್ಲ ಅಂತ ಆರು ವಾರ ಕೊಚ್ಚಿಕೊಂಡೆನಲ್ಲ, ಅದೆಲ್ಲ ಬುರುಡೆ. ನಾನು ಮಾಡಿದ್ದು ಬಣ್ಣದ ಬಕೆಟ್ ತೊಳೆಯುವುದು, ನೆಲ ಒರೆಸುವುದು, ಒದ್ದೆ ಬಟ್ಟೆ ಹಿಂಡುವುದು. ಆ ಕಲಾವಿದೆಯನ್ನು ಎಲ್ಲರೂ ಮೇಡಂ ಅಂತಾರೆ. ನಾನು ಮನಸ್ಸಿನಲ್ಲೇ ಸಿಡುಕಮ್ಮ ಅಂತ ಹೆಸರಿಟ್ಟಿದ್ದೆ. ನನಗಿಂತ ಮುಂಚೆ ಬಂದ ಇಬ್ಬರನ್ನು ಅರ್ಧಕ್ಕೇ ವಾಪಸ್ ಕಳಿಸಿದ್ದರಂತೆ.

ಇಲ್ಲಿ ಬಾಗಿಲ ಪಕ್ಕ ಒಂದು ಗೋಡೆಯಿದೆ. ತಪ್ಪಿನ ಗೋಡೆ ಅಂತಲೇ ಕರೆಯುತ್ತಾರೆ. ಯಾರು ಏನು ಕೆಡಿಸಿದರೂ ತಾವೇ ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಆ ದಿನದ ಊಟಕ್ಕೆ ಮುಂಚೆ ಅಲ್ಲಿ ಅಂಟಿಸಬೇಕು. ಮೇಡಂ ಚೀಟಿಗಳೇ ಮೂವತ್ತರ ಮೇಲಿವೆ. ನನ್ನದು ಒಂದೂ ಇರಲಿಲ್ಲ, ಅದಕ್ಕೇ ಬೀಗುತ್ತಿದ್ದೆ. ಒಂದು ದಿನ ಮೇಡಂ ನನ್ನ ಮುಖ ನೋಡಿ, ಕೆಲಸ ಮಾಡದವರ ಕೈಯಲ್ಲಿ ತಪ್ಪು ಹೇಗಾಗುತ್ತೆ ಅಂತ ಹೇಳಿ ನಡೆದುಬಿಟ್ಟರು. ಮೈಯೆಲ್ಲ ಉರಿದುಹೋಯಿತು ಕಣಮ್ಮಾ.

ಆ ಗೋಡೆಗೆ ನನ್ನ ಚೀಟಿಯೂ ಬಿತ್ತು, ಹೋದ ಶುಕ್ರವಾರ. ಹನ್ನೆರಡು ಅಡಿ ಉದ್ದದ ಲಿನನ್ ಬಟ್ಟೆ, ಒಂದು ಗ್ರಂಥಾಲಯದ ದೊಡ್ಡ ಕಿಟಕಿಗೆ ತೂಗುಹಾಕಲು ಮಾಡಿದ್ದು. ಮೇಲೆ ಕಡುನೀಲಿ, ಕೆಳಗೆ ಬರುತ್ತಾ ಬರುತ್ತಾ ತಿಳಿಯಾಗಿ ಕೊನೆಗೆ ಹಾಲಿನ ಬಿಳಿ. ಅದಕ್ಕೆ ಬಣ್ಣ ಕೂರಿಸಲು ಮೇಡಂಗೆ ನಾಲ್ಕು ತಿಂಗಳು ಹಿಡಿದಿತ್ತು. ಅದರ ಪಕ್ಕದ ಏಣಿಯನ್ನು ಇಬ್ಬರು ಸೇರಿ ಎತ್ತಬೇಕು ಅಂತ ಚೌಕಟ್ಟಿನಣ್ಣ ಸಾರಿ ಸಾರಿ ಹೇಳಿದ್ದರು. ಚೌಕಟ್ಟಿನಣ್ಣ ಅಂದರೆ ಇಪ್ಪತ್ತು ವರ್ಷದಿಂದ ಇಲ್ಲಿ ಮರಗೆಲಸ ನೋಡಿಕೊಳ್ಳುವವರು. ನಾನು ಕೇಳಬೇಕಲ್ಲ! ಒಬ್ಬಳೇ ಎಳೆದೆ. ಏಣಿಯ ಮೊಳೆ ಸಿಕ್ಕಿ ಬಟ್ಟೆ ಪರ್ರಂತ ನಾಲ್ಕು ಬೆರಳಿನಷ್ಟು ಹರಿಯಿತು.

ಯಾರೂ ನೋಡಿರಲಿಲ್ಲ. ಮಡಿಕೆಯೊಳಗೆ ಮುಚ್ಚಿಟ್ಟು ಊಟಕ್ಕೆ ಹೋಗಿಬಿಡೋಣ ಅಂತ ಅನ್ನಿಸಿದ್ದು ಸುಳ್ಳಲ್ಲ. ಆದರೆ ಕಾಲು ಆ ಗೋಡೆಯ ಹತ್ತಿರಕ್ಕೇ ಎಳೆಯಿತು. ಬರೆದು ಅಂಟಿಸಿದೆ. ಮೇಡಂ ಓದಿದರು, ಬಟ್ಟೆ ನೋಡಿದರು. ಕಿರುಚಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ, ಸೋಮವಾರ ಕಾಲೇಜಿಗೆ ಬರೀತೀನಿ, ನೀನು ಹೊರಡಬಹುದು ಅಂದರು. ಇವರ ವರದಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮೂರು ವರ್ಷದ ಓದು ನೀರಿನಲ್ಲಿ ಹೋಮ.

ಹಿಂದಿನಿಂದ ತೇಪೆ ಹಾಕೋಣ ಅಂತ ಚೌಕಟ್ಟಿನಣ್ಣ ಪಾಪ ನನ್ನ ಪರ ಮಾತಾಡಿದರು. ಕಿಟಕಿಯ ಬೆಳಕು ಬಿದ್ದರೆ ತೇಪೆ ಕಪ್ಪಗೆ ಎದ್ದು ಕಾಣುತ್ತೆ ಅಂತ ಮೇಡಂ ತಲೆಯಾಡಿಸಿದರು. ಆಗ ನನ್ನ ಬಾಯಿಂದ ತಾನಾಗಿ ಬಂತು, ನಾನು ರಫ್ಫು ಮಾಡ್ತೀನಿ ಅಂತ. ಇಬ್ಬರೂ ನನ್ನನ್ನೇ ನೋಡಿದರು. ಮಂಗಳವಾರದವರೆಗೆ ಟೈಮ್ ಕೊಡಿ, ಹರಿದ ಗುರುತು ಕಂಡರೆ ನಾನೇ ಪೆಟ್ಟಿಗೆ ಕಟ್ತೀನಿ ಅಂದೆ. ಎಲ್ಲಿಂದ ಬಂತೋ ಆ ಧೈರ್ಯ. ಮಂಗಳವಾರ ಅಂದರೆ ಮಂಗಳವಾರ ಅಂತ ಮೇಡಂ ಒಪ್ಪಿದರು.

ಹತ್ತನೇ ಕ್ಲಾಸಿನ ರಜೆಯಲ್ಲಿ ನೀನು ಕಿವಿ ಹಿಂಡಿ ಕೂರಿಸಿ ಕಲಿಸಿದ್ದು ನೆನಪಿದೆಯಾ? ಇದನ್ನ ಕಲಿತು ನಾನೇನು ಊರವರ ಹರಕು ಕೋಟು ಹೊಲೀಬೇಕಾ ಅಂತ ರೇಗಿದ್ದೆ. ಇಲ್ಲಿಗೆ ಹೊರಟಾಗ ಪೆಟ್ಟಿಗೆಯಲ್ಲಿ ನೀನು ತುರುಕಿದ ಸೂಜಿ ಪೊಟ್ಟಣ ನೋಡಿ ಗೊಣಗಿದ್ದೆ. ಅದೇ ಪೊಟ್ಟಣ ಬಿಚ್ಚಿ ಕಿಟಕಿಯ ಕೆಳಗೆ ಕೂತೆ. ಹರಿದದ್ದು ಯಾವ ಎತ್ತರದಲ್ಲಿತ್ತೋ ಅದೇ ಎತ್ತರದಲ್ಲಿ ಮಡಿಚಿ ಹೊಲಿದ ಪಕ್ಕದ ಅಂಚನ್ನು ಬಿಚ್ಚಿದರೆ ಅಲ್ಲಿ ಅದೇ ತಿಳಿನೀಲಿ! ಎಳೆ ಎಳೆಯಾಗಿ ಬಿಡಿಸಿಕೊಂಡು, ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತಾ ಹೋದೆ. ಭಾನುವಾರ ನೀನು ಫೋನ್ ಮಾಡಿದಾಗ, ಎಳೆ ತಿರುಗಿಸುವ ಕಡೆ ಎಷ್ಟು ಸಡಿಲ ಬಿಡಬೇಕು ಅಂತ ಸುಮ್ಮನೆ ಕೇಳಿದ ಹಾಗೆ ಕೇಳಿದೆನಲ್ಲ, ಅದು ಇದಕ್ಕೇ. ಕೂದಲೆಳೆಯಷ್ಟು ಅಂತ ಹೇಳಿದವಳೇ, ಯಾವ ಬಟ್ಟೆ ಹರಿದುಕೊಂಡೆ ಅಂತ ಶುರು ಮಾಡಿದೆ. ನಿನ್ನ ಮೂಗಿಗೆ ವಾಸನೆ ಬಡಿಯದೆ ಇರುತ್ತಾ!

ಬುಧವಾರ ಬೆಳಿಗ್ಗೆ ಬಟ್ಟೆಯನ್ನು ಕಿಟಕಿಗೆ ತೂಗುಹಾಕಿದೆವು. ಮೇಡಂ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಅಂಗೈಯಲ್ಲಿ ಸವರಿದರು. ಏಣಿ ಹತ್ತಿದರು. (ಈ ಸಲ ಇಬ್ಬರು ಹಿಡಿದುಕೊಂಡಿದ್ದೆವು.) ಕೊನೆಗೆ ಒಂದು ಕಡೆ ಬೆರಳಿಟ್ಟು, ಇಲ್ಲೇ ಅಲ್ವಾ ಅಂದರು. ಅಲ್ಲ! ಅದು ಒಂದು ಮೊಳ ಆಚೆಗಿತ್ತು! ಅಮ್ಮಾ, ನಾನು ಕುಣಿದುಬಿಟ್ಟೆ. ಚೌಕಟ್ಟಿನಣ್ಣ ಶಿಳ್ಳೆ ಹಾಕಿದರು. ಸಿಡುಕಮ್ಮ ನಕ್ಕಿದ್ದನ್ನು ಆರು ವಾರದಲ್ಲಿ ಮೊದಲ ಸಲ ನೋಡಿದೆ.

ಯಾರು ಕಲಿಸಿದ್ದು ಅಂತ ಕೇಳಿದರು. ಅಮ್ಮ ಅಂದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿ ಬಂತು, ಅದು ಆಮೇಲೆ. ನನ್ನ ಚೀಟಿ ಕಿತ್ತುಹಾಕುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಹರಿದದ್ದು ಹರಿದದ್ದೇ ಅಂದರು. ಅದರ ಪಕ್ಕದಲ್ಲಿ ತಮ್ಮದೊಂದು ಚೀಟಿ ಬರೆದು ಅಂಟಿಸಿದರು: ‘ಈ ಕೈಗೆ ಆರು ವಾರ ಬಕೆಟ್ ಕೊಟ್ಟೆ. ತಪ್ಪು ನನ್ನದು.’

ಈಗ ಕಿಟಕಿಯ ಕೆಳಗಿನ ಮೇಜು ನನ್ನದು. ಮುಂದಿನ ಕೆಲಸದಲ್ಲಿ ನಾನೂ ಜೊತೆಗಿರಬೇಕಂತೆ, ವರದಿಯಲ್ಲಿ ಹಾಗೇ ಬರೆದಿದ್ದಾರೆ. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಗ್ರಂಥಾಲಯದಲ್ಲಿ ಬಟ್ಟೆಯನ್ನು ಎಲ್ಲರಿಗೂ ತೋರಿಸುತ್ತಾರೆ. ಹಿಂದಿನ ದಿನವೇ ಬಾ, ಸ್ಟುಡಿಯೋ ತೋರಿಸುತ್ತೇನೆ. ರಫ್ಫು ಎಲ್ಲಿದೆ ಅಂತ ನೀನು ಒಂದೇ ನೋಟಕ್ಕೆ ಹಿಡಿಯುತ್ತೀಯ, ಗೊತ್ತು. ದಯವಿಟ್ಟು ಮೇಡಂಗೆ ಹೇಳಬೇಡ.

ಇಂತಿ ನಿನ್ನ
ಗಡಿಬಿಡಿ

ತಾ.ಕ.: ಗೋಡೆಯ ಮೇಲೆ ನನ್ನ ಚೀಟಿ ಒಂದಲ್ಲ, ಎರಡಿವೆ. ನೀನು ಬಂದಾಗ ಓದಿಯೇ ಓದುತ್ತೀಯ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಎರಡನೆಯದನ್ನು ಅಂಟಿಸಿದ್ದು ನಿನ್ನೆ, ಆದರೆ ಹಾಕಿದ ತಾರೀಕು ನಾನು ಇಲ್ಲಿ ಕಾಲಿಟ್ಟ ಮೊದಲ ದಿನದ್ದು. ‘ಅಮ್ಮ ಏನು ಮಾಡ್ತಾರೆ ಅಂತ ಮೇಡಂ ಕೇಳಿದರು. ಲಾಂಡ್ರಿ ಅಂಗಡಿಯ ಮೂಲೆಯಲ್ಲಿ ಕೂತು ರಫ್ಫು ಮಾಡ್ತಾಳೆ ಅನ್ನೋಕೆ ನಾಚಿಕೆಯಾಗಿ, ಬಟ್ಟೆ ಅಂಗಡಿ ಇಟ್ಟಿದ್ದಾಳೆ ಅಂದೆ.’ ಬಂದು ಓದು, ಅಮ್ಮಾ. ಬೈಯಬೇಕು ಅನ್ನಿಸಿದರೆ ಅಲ್ಲೇ, ಎಲ್ಲರ ಮುಂದೆ, ಜೋರಾಗಿ ಬೈ. ನೀನು ನನ್ನ ಅಮ್ಮ ಅಂತ ಎಲ್ಲರಿಗೂ ಗೊತ್ತಾಗಲಿ.