ಬಿಪಿ ಗುಳಿಗೆಯ ಸಲುವಾಗಿ

ಮೆಹರುಬಿ ಆಪಾಗೆ,
ಮಸ್ಕತ್ತಿನಿಂದ ಫಿರದೋಸಳ ಸಲಾಂ.

ನನ್ನ ಫೋನು ಮೇಡಂ ಬಳಿ ಇದೆ. ಅದಕ್ಕೇ ಈ ಕಾಗದವನ್ನು, ರಜೆಗೆ ನಿಪ್ಪಾಣಿಗೆ ಹೊರಟ ಈ ಮನೆಯ ಡ್ರೈವರ್ ಬಿಲಾಲನ ಕೈಯಲ್ಲಿ ಕೊಟ್ಟಿದ್ದೇನೆ.

ನೀನು ಭೋಜದಿಂದ ನಿಪ್ಪಾಣಿಗೆ ಹೋಗಿ, ಡಾಕ್ಟರರಿಂದ ಚೀಟಿ ಬರೆಸಿ ಕಳಿಸಿದ ಬಿಪಿ ಗುಳಿಗೆ ಮುಟ್ಟಿದವು. ಊಟಕ್ಕೆ ಕೊರತೆಯಿಲ್ಲ. ಅಮ್ಮಿಗೆ ಇಲ್ಲಿಯವರೆಗೆ ಮಾತ್ರ ಓದಿ ಹೇಳು.

ಎರಡು ವರ್ಷ ಮನೆಗೆಲಸ ಮಾಡಿದರೆ ಊರಿಗೆ ಬಿಡುತ್ತೇವೆ ಎಂದು ಮೇಡಂ ಮನೆಯವರು ಹೇಳಿದ್ದರು. ಆದರೆ ವೀಸಾ ಮುಂದುವರಿಸುವ ಮೆಡಿಕಲ್‌ನಲ್ಲಿ ನನ್ನ ಬಿಪಿ ಸರಿ ಇತ್ತು. ಫಿಟ್ ಎಂದು ಬರೆದರು, ಪಾಸ್‌ಪೋರ್ಟು ಮತ್ತೆ ಮೇಡಂ ಕಪಾಟು ಸೇರಿತು. ಈಗ ನಾಲ್ಕು ವರ್ಷ. ಬರುವ ವಾರ ಮತ್ತೆ ಮೆಡಿಕಲ್ ಇದೆ.

ಪಕ್ಕದ ಮನೆಯಲ್ಲಿ ಕೆಲಸಕ್ಕಿದ್ದ ರಾಯಬಾಗದ ಕಾಂಚನಳಿಗೆ ಬಿಪಿ ಏರಿತ್ತು. ಅನ್‌ಫಿಟ್ ಎಂದು ಎಂಟೇ ದಿನದಲ್ಲಿ ಊರಿಗೆ ಕಳಿಸಿದರು. ಹೋಗುವಾಗ, "ಗುಳಿಗಿ ನುಂಗಿ ನುಂಗಿ ನೀ ಇಲ್ಲೇ ಉಳದಿ ನೋಡ ಬೇ" ಎಂದಳು.

ಆಪಾ, ಇನ್ನು ಗುಳಿಗೆ ಕಳಿಸಬೇಡ. ಡಾಕ್ಟರ್ ಕೇಳಿದರೆ, "ಅಲ್ಲೇ ಸಿಗತಾವಂತ್ರಿ" ಅನ್ನು. ನಾನು ನುಂಗುವುದನ್ನು ಬಿಟ್ಟು ಹನ್ನೆರಡು ದಿನವಾಯಿತು. ಅಲ್ಲಾಹನ ದಯೆಯಿಂದ ನಿನ್ನೆಯಿಂದ ತಲೆ ತಿರುಗುತ್ತಿದೆ.

ನಿನ್ನ ತಂಗಿ
ಫಿರದೋಸ