ಎರಡನೆಯ ಹಡಗು

ವೆಸ್ಟರ್‌ಬಿ, ಪಶ್ಚಿಮ ಜಟ್‌ಲೆಂಡ್
14 ಮಾರ್ಚ್ 1974

ಪ್ರೀತಿಯ ಮಗಳು ಡೋರ್ಟೆಗೆ,

ಕೆಮ್ಮು ವಾಸಿಯಾಯಿತೇ? ಪಾದ್ರಿಯೆಂದು ನಿನಗೆ ಕೊಟ್ಟ ಮನೆಯ ಒಲೆ ಹೊಗೆ ಕಾರುತ್ತದೆ ಎಂದು ನೀನು ಬರೆದಿದ್ದೆ. ಚಿಮಣಿಯಲ್ಲಿ ಕಾಗೆ ಗೂಡು ಕಟ್ಟಿರಬೇಕು. ಮೊದಲು ಅದನ್ನು ತೆಗೆಸು, ಪ್ರಾರ್ಥನೆ ಆಮೇಲೆ ಮಾಡು. ಅಮ್ಮ ಆರಾಮವಾಗಿದ್ದಾಳೆ. ನನ್ನ ಮಂಡಿನೋವು ಇದ್ದಷ್ಟೇ ಇದೆ.

ನವೆಂಬರಿನ ಬಿರುಗಾಳಿಯಲ್ಲಿ ತನ್ನ ದೋಣಿ ಉಳಿದದ್ದಕ್ಕೆ ಈವರ್ ನಮ್ಮ ಚರ್ಚಿನ ಚಾವಣಿಗೆ ತೂಗಹಾಕಲು ನನ್ನಿಂದ ಹರಕೆಯ ಪುಟ್ಟ ಮರದ ಹಡಗು ಮಾಡಿಸಿದ್ದು ನಿನಗೆ ಗೊತ್ತು. ಚಳಿಗಾಲವೆಲ್ಲ ಕೂತು ಮಾಡಿದೆ. ಕೆಳಗೆ ನಿಂತು ನೋಡುವವರಿಗೆ ಸರಿಯಾಗಿ ಕಾಣಲೆಂದು ಹಾಯಿ ಕಟ್ಟುವ ಕೂವೆಮರವನ್ನು ಕೊಂಚ ಉದ್ದ ಇಟ್ಟೆ. ಅದರ ಜೊತೆಗೆ ಅದೇ ಅಳತೆಯ ಇನ್ನೊಂದನ್ನೂ ಮಾಡಿ, ಅದರ ಮೇಲೆ ನಿನ್ನ ಚಿಕ್ಕಪ್ಪ ಯೆಪ್ಪೆಯ ದೋಣಿಯ ಹೆಸರು ಬರೆದೆ. ಅದೇ ಬಿರುಗಾಳಿಯಲ್ಲಿ ಯೆಪ್ಪೆ ಸೇರಿ ನಾಲ್ವರೊಂದಿಗೆ ಮುಳುಗಿದ ದೋಣಿ.

ಚರ್ಚಿನ ಸಭೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟೆ. ಈವರ್, “ದೇವರ ಮನೇಲಿ ಮುಳುಗಿದ ದೋಣಿ ಯಾರಾದ್ರೂ ತೂಗಹಾಕ್ತಾರೇನೋ ಲೌಸ್ಟ್? ತಲೆ ಎಲ್ಲಿಟ್ಟಿದ್ದೀಯ?” ಎಂದ. ಯೆಪ್ಪೆ ಪ್ರಾರ್ಥಿಸದೆ ಒಂದು ತುಂಡು ಮೀನೂ ಬಾಯಿಗಿಟ್ಟವನಲ್ಲ, ಈವರ್‌ನ ದೋಣಿಯವರು ಇಸ್ಪೀಟಾಡುವವರು ಎಂದೆ. ಎಲ್ಲರೂ ನಕ್ಕರು. ಬಿರುಗಾಳಿಯ ದಿನ ಬಲೆ ಎಳೆಯುವ ವಿಂಚ್ ಯಂತ್ರ ಕೆಟ್ಟು, ಗಾಳಿ ಜೋರಾಗುವ ಮೊದಲು ಮಧ್ಯಾಹ್ನವೇ ಈವರ್ ಹಿಂದಿರುಗಿದ್ದ. “ಅದನ್ನ ಕೆಡಿಸಿದ್ದು ದೇವರೇ ಕಣೋ” ಎಂದ.

ಯೆಪ್ಪೆಯ ವಿಂಚ್ ಹಿಂದಿನ ವಾರ ಕೆಟ್ಟಿತ್ತು. ರಿಪೇರಿ ಮಾಡಿದವನು ನಾನು. “ಹಾಗಾದ್ರೆ ದೇವರು ಕೆಡಿಸಿದ್ದನ್ನ ಸರಿಮಾಡಿ, ನನ್ನ ತಮ್ಮನ್ನ ನಾನೇ ಕೊಂದೆ ಅಂತೀಯಾ?” ಎಂದು ಕೇಳಿದೆ. ಕೇಳಿ ಎದ್ದು ಹೊರಟೆ. ಈವರ್ ಕೆಟ್ಟವನಲ್ಲ. ನನ್ನ ಹಿಂದೆಯೇ ಬಾಗಿಲವರೆಗೂ ಬಂದು, “ಹಂಗಂದಿಲ್ಲ ಮಾರಾಯ” ಎಂದ. ಆದರೂ ಸಭೆ ಒಂದೇ ಹಡಗು ಸಾಕೆಂದಿತು.

ಅಪ್ಪನ ಸಂಶಯ ದುಃಖದಿಂದ ಹುಟ್ಟಿದ್ದು, ದುಃಖ ಆರಿದರೆ ಅದೂ ಹೋಗುತ್ತದೆ ಎಂದು ಬರೆದಿದ್ದೀಯ. ಹೋಗುವುದಿಲ್ಲ ಮಗಳೇ. ದೇವರಿಲ್ಲ ಎಂದು ನಾನೆಲ್ಲೂ ಹೇಳಿಲ್ಲ. ಅಷ್ಟು ಗೊತ್ತಿದ್ದರೆ ನಾನೂ ಪೀಠ ಹತ್ತಿ ಉಪದೇಶ ಮಾಡುತ್ತಿದ್ದೆ. ಮರಳಿ ಬಂದವರನ್ನಷ್ಟೇ ಸಾಕ್ಷಿಗೆ ಕರೆದು ತೀರ್ಪು ಕೊಡಬೇಡಿ ಎನ್ನುತ್ತೇನೆ. ಹಲಗೆ ಗಟ್ಟಿಯಿದೆಯೇ ಎಂದು ನಾನು ಸುತ್ತಿಗೆಯಿಂದ ತಟ್ಟಿ ನೋಡುತ್ತೇನೆ, ಹಲಗೆ ಅದಕ್ಕೆ ಮುನಿಸಿಕೊಳ್ಳುವುದಿಲ್ಲ. ನಿನ್ನ ದೇವರು ಮುನಿಸಿಕೊಂಡರೆ ಅವನು ಹಲಗೆಗಿಂತ ಚಿಕ್ಕವನಾದ. ವಿಂಚ್ ಸರಿಯಾಗಿತ್ತು, ಗಾಳಿ ಬಂತು. ನನಗೆ ಗೊತ್ತಿರುವುದು ಇಷ್ಟು. ಇಷ್ಟರಿಂದಲೇ ನನಗೆ ನಿದ್ದೆ ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಶೀರ್ವಾದ ಮಾಡುವ ಅಧಿಕಾರ ಈಗ ನಿನ್ನದು, ಆದರೂ ಅಪ್ಪನದೊಂದು ಇರಲಿ, ಇಟ್ಟುಕೋ.

ನಿನ್ನ ಅಪ್ಪ,
ಲೌಸ್ಟ್

ಮತ್ತೆ: ಶನಿವಾರದ ಫೆರಿಯಲ್ಲಿ ಒಂದು ಮರದ ಪೆಟ್ಟಿಗೆ ಬರುತ್ತದೆ. ಮೇಲೆ ಅಮ್ಮನ ರೈ ರೊಟ್ಟಿ, ಕೆಳಗೆ ಯೆಪ್ಪೆಯ ಹಡಗು. ನಿನ್ನ ಉಪದೇಶ ಕೇಳಲು ಬಾ ಎಂದು ಮೂರು ಕಾಗದಗಳಲ್ಲಿ ಕರೆದಿದ್ದೀಯ. ನಿನ್ನ ಚರ್ಚಿನಲ್ಲಿ, ಪೀಠದಿಂದ ನಿನ್ನ ಕಣ್ಣಿಗೆ ಬೀಳುವ ಕಡೆ ಆ ಹಡಗನ್ನು ತೂಗಹಾಕು. ಆ ಭಾನುವಾರವೇ ಬಂದು ಮೊದಲ ಸಾಲಿನಲ್ಲಿ ಕೂರುತ್ತೇನೆ. ಕೊಕ್ಕೆ ಪೆಟ್ಟಿಗೆಯಲ್ಲೇ ಇದೆ. ಹೊಡೆಯುವ ಮುನ್ನ ತೊಲೆಯನ್ನು ಒಮ್ಮೆ ತಟ್ಟಿ ನೋಡು.